ಅಪ್ಪನ ಜೈಲುವಾಸದ ಪಿಂಚಣಿ ಅವ್ವನ ಹೆಸರಿಗೆ ಬಂದ ದಾರಿ

ಸ್ವಾತಂತ್ರ್ಯ ಹೋರಾಟಗಾರರು ತೀರಿಕೊಂಡರೆ ಅವರ ಕೇಂದ್ರ ಪಿಂಚಣಿ ಹೆಂಡತಿಗೆ ಸಲ್ಲುತ್ತದೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಬದುಕಿದ್ದಾಗ ಅಪ್ಪನೇ ಅವ್ವನಿಗೆ ಹತ್ತಾರು ಸಲ ಹೇಳಿದ್ದರು: "ನಾನು ಹೋದ ಮೇಲೆ ನೀನು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ." ಯಾರ ಮುಂದೆಯೂ ಚಾಚಬೇಕಾಗಲಿಲ್ಲ, ನಿಜ. ಆದರೆ ಹಸ್ತಾಕ್ಷರಕ್ಕೆ, ಹೆಬ್ಬೆಟ್ಟಿಗೆ, ಫೋಟೋಗೆ, ಪಂಚನಾಮೆಗೆ ಎಂದು ಎಷ್ಟು ಕಡೆ ಚಾಚಬೇಕಾಯಿತು ಎಂಬುದನ್ನು ಅಪ್ಪ ಊಹಿಸಿರಲಿಲ್ಲ. 2022ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಅವ್ವನ ಖಾತೆಗೆ ಮೊದಲ ಹಣ ಬಿದ್ದದ್ದು ಈ ಬೇಸಿಗೆಯಲ್ಲಿ. ನಡುವೆ ನಡೆದದ್ದನ್ನು ಬಿಸಿ ಆರುವ ಮುನ್ನ ಬರೆದಿಡುತ್ತಿದ್ದೇನೆ. 1942ರವರು ಈಗ ಎಲ್ಲೋ ಒಬ್ಬೊಬ್ಬರು ಉಳಿದಿದ್ದಾರೆ, ಅವರ ಹೆಂಡಂದಿರು ಎಂಬತ್ತು ದಾಟಿದವರು. ಓಡಾಡಬೇಕಾದವರು ಮಕ್ಕಳೇ.

ಮೊದಲು ಅಪ್ಪನ ವಿಷಯ ಚುಟುಕಾಗಿ. ನಮ್ಮದು ವರದಾ ನದಿಯ ದಂಡೆಯ ಊರು. 1942ರ ಆಗಸ್ಟ್ 8ರಂದು ಮುಂಬೈಯಲ್ಲಿ 'ಭಾರತ ಬಿಟ್ಟು ತೊಲಗಿ' ಗೊತ್ತುವಳಿ ಆಯಿತು, ಮರುದಿನ ಬೆಳಗಾಗುವಷ್ಟರಲ್ಲಿ ನಾಯಕರೆಲ್ಲ ಒಳಗೆ. ಹೊರಗೆ ಯುದ್ಧ ನಡೆಯುತ್ತಿತ್ತು, ಸರ್ಕಾರದ ಕೈಯಲ್ಲಿ ಭಾರತ ರಕ್ಷಣಾ ನಿಯಮಗಳೆಂಬ ಹತಾರವಿತ್ತು. ನಮ್ಮ ಸೀಮೆಯಲ್ಲಿ ಆಮೇಲೆ ಚಳವಳಿ ನಡೆಸಿದವರು ಹೆಸರಿಲ್ಲದ ಹುಡುಗರು. ತಂತಿ ಕತ್ತರಿಸುವುದು, ಅಂಚೆ ಚೀಲ ಕಸಿಯುವುದು, ಚಾವಡಿಗೆ ನುಗ್ಗಿ ಕಂದಾಯದ ಕಾಗದಪತ್ರ ಸುಡುವುದು ಅವರ ಕೆಲಸವಾಗಿತ್ತು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಾತಿಗಳೊಂದಿಗೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದು ಇಂಥದ್ದೇ ಒಂದು ದಾಳಿಯಲ್ಲಿ. ಅಪ್ಪ ಅಷ್ಟು ದೊಡ್ಡ ಗುಂಪಿನವರಲ್ಲ. ಹದಿನೆಂಟರ ಹುಡುಗ, ನಾಲ್ಕು ಜನ ಗೆಳೆಯರೊಂದಿಗೆ ಪಕ್ಕದೂರಿನ ಚಾವಡಿಯ ದಫ್ತರಕ್ಕೆ ಬೆಂಕಿ ಇಟ್ಟರು, ಸಿಕ್ಕಿಬಿದ್ದರು. ಒಂದು ವರ್ಷದ ಸಜೆ, ಬೆಳಗಾವಿಯ ಹಿಂಡಲಗಾ ಜೈಲು.

ಪಿಂಚಣಿ ಬಂದದ್ದು ತೀರ ತಡವಾಗಿ. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆಂದು 1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಯೋಜನೆ ತಂದಿತು. ಆಗ ತಿಂಗಳಿಗೆ 200 ರೂಪಾಯಿ, ಅದೂ ವರಮಾನ ವರ್ಷಕ್ಕೆ 5,000 ರೂಪಾಯಿ ಮೀರದವರಿಗೆ. ಅಪ್ಪ ಅದರ ಗೊಡವೆಗೆ ಹೋಗಲಿಲ್ಲ. 1980ರಲ್ಲಿ ವರಮಾನದ ಮಿತಿ ತೆಗೆದು 'ಸ್ವತಂತ್ರತಾ ಸೈನಿಕ ಸಮ್ಮಾನ್' ಎಂದು ಹೆಸರಿಟ್ಟು ಮೊತ್ತವನ್ನು 300 ಮಾಡಿದಾಗ ಊರ ಹಿರಿಯರು ಬಲವಂತ ಮಾಡಿ ಅರ್ಜಿ ಹಾಕಿಸಿದರು. ಕನಿಷ್ಠ ಆರು ತಿಂಗಳ ಸೆರೆವಾಸ ಆಗಿರಬೇಕು (ಮಹಿಳೆಯರಿಗೆ, ಪರಿಶಿಷ್ಟರಿಗೆ ಮೂರು ತಿಂಗಳು) ಎಂಬ ನಿಯಮಕ್ಕೆ ಜೈಲಿನಿಂದಲೇ ದಾಖಲೆ ಸಿಕ್ಕಿತು. ಕೈದಿ ಸಂಖ್ಯೆ, ಒಳಗೆ ಹೋದ ದಿನ, ಹೊರಬಂದ ದಿನ ಎಲ್ಲ ಇತ್ತು. ಬ್ರಿಟಿಷರು ಅಷ್ಟರಮಟ್ಟಿಗೆ ಅಚ್ಚುಕಟ್ಟು. 2016ರ ಪರಿಷ್ಕರಣೆಯ ನಂತರ ಅಪ್ಪನ ವರ್ಗದವರಿಗೆ ಮೂಲ ಪಿಂಚಣಿ 26,000, ಅದರ ಮೇಲೆ ತುಟ್ಟಿಭತ್ಯೆ. ಪತ್ನಿಗೂ ಅಷ್ಟೇ ಮೊತ್ತ, ಅರ್ಧವಲ್ಲ, ಪೂರ್ತಿ. ಬಹಳ ಜನ ಇದನ್ನು ಮಾಮೂಲು ಕುಟುಂಬ ಪಿಂಚಣಿಯಂತೆ ಅರ್ಧ ಎಂದುಕೊಂಡಿರುತ್ತಾರೆ.

ಇಲ್ಲೇ ಇನ್ನೊಂದು ಮಾತು. ಗಂಡುಮಕ್ಕಳಿಗೆ, ಮೊಮ್ಮಕ್ಕಳಿಗೆ, ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಬರುವುದಿಲ್ಲ. ಪತ್ನಿ ಅಥವಾ ಪತಿ ಇಲ್ಲದಿದ್ದರೆ ಮದುವೆಯಾಗದ, ಉದ್ಯೋಗವಿಲ್ಲದ ಹೆಣ್ಣುಮಕ್ಕಳಿಗೆ ಮತ್ತು ತಂದೆತಾಯಿಗೆ ಮಾತ್ರ, ಅವರಿಗೆ ಅರ್ಧ. ನಮ್ಮ ಅಣ್ಣನನ್ನು ಹಿಡಿದುಕೊಂಡು "ನಿನ್ನ ಹೆಸರಿಗೂ ಮಾಡಿಸಿಕೊಡುತ್ತೇನೆ" ಎಂದ ಮಹಾನುಭಾವರೊಬ್ಬರಿದ್ದರು. ಅಂಥವರ ಮಾತಿಗೆ ಹತ್ತು ಪೈಸೆಯನ್ನೂ ಕೊಡಬೇಡಿ.

ಅಪ್ಪನ ಅಂತ್ಯಕ್ರಿಯೆ ಸರ್ಕಾರಿ ಗೌರವದೊಂದಿಗೆ ನಡೆಯಿತು. ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿದರು, ಕಂದಾಯ ಇಲಾಖೆಯವರು ಹೂಮಾಲೆ ಹಾಕಿದರು, ಮಡಿಚಿದ ಧ್ವಜವನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ಎದೆಗೊತ್ತಿಕೊಂಡು ಕುಳಿತಿದ್ದಳು. ಅವಳು ಯಾರು ಎಂದು ಆ ದಿನ ಯಾರೂ ಕೇಳಲಿಲ್ಲ. ಕೇಳಿದ್ದು ಆಮೇಲೆ.

ಕಾಗದದ ಕೆಲಸ ಮರಣ ಪ್ರಮಾಣಪತ್ರದಿಂದ ಶುರು. ಅಪ್ಪ ಊರಲ್ಲೇ ತೀರಿಕೊಂಡಿದ್ದರಿಂದ ತಲಾಟಿಯವರಲ್ಲಿ, ಅಂದರೆ ಗ್ರಾಮ ಲೆಕ್ಕಿಗರಲ್ಲಿ, ನೋಂದಣಿ ಮಾಡಿಸಿದೆವು. ಇಪ್ಪತ್ತೊಂದು ದಿನದೊಳಗೆ ಮಾಡಿಸಿದರೆ ತಕರಾರಿಲ್ಲ. ಬರೆಸುವಾಗ ಹೆಸರನ್ನು ಬಾಯಿಮಾತಿನಲ್ಲಿ ಹೇಳಬೇಡಿ, ಪಿಂಚಣಿ ಪಾವತಿ ಆದೇಶದ ಪುಸ್ತಕವನ್ನು, ಅಂದರೆ ಪಿಪಿಒವನ್ನು, ಎದುರಿಗಿಟ್ಟು ಅಕ್ಷರಕ್ಕಕ್ಷರ ಅದರಂತೆಯೇ ಬರೆಸಿ. ತಂದೆಯ ಹೆಸರು, ಅಡ್ಡಹೆಸರು, ಅವುಗಳ ಕ್ರಮ ಎಲ್ಲ. ಹತ್ತು ಪ್ರತಿ ತೆಗೆಸಿಟ್ಟುಕೊಳ್ಳಿ. ಮರಣದ ವಿಷಯವನ್ನು ಆ ವಾರವೇ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತಿಳಿಸದೆ ಬಿಟ್ಟರೆ ತೀರಿಕೊಂಡವರ ಖಾತೆಗೆ ಹಣ ಬೀಳುತ್ತಲೇ ಇರುತ್ತದೆ, ಆಮೇಲೆ ಅದನ್ನು ವಾಪಸು ಕಟ್ಟಿಸಿಕೊಳ್ಳುವ ಲೆಕ್ಕ ಬೇರೆ ಶುರುವಾಗುತ್ತದೆ.

ಬ್ಯಾಂಕಿನ ಶಾಖೆಯಲ್ಲಿ ಕುಳಿತಿದ್ದ ಹುಡುಗ ಒಳ್ಳೆಯವನೇ. ಆದರೆ ಈ ಬಗೆಯ ಪಿಂಚಣಿಯನ್ನು ಅವನು ಕಂಡಿದ್ದು ಅದೇ ಮೊದಲು. "ಮಿಲಿಟರಿಯವರಾ ಮೇಡಂ?" ಎಂದು ಕೇಳಿದ. ಅಲ್ಲಪ್ಪ, ಜೈಲಿಗೆ ಹೋಗಿದ್ದರು ಎಂದೆ. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ನಾನು ಕೊಟ್ಟ ಪಿಪಿಒ ತಿರುವಿ ಹಾಕಿ, "ಇದರಲ್ಲಿ ಅಮ್ಮನ ಫೋಟೋ ಇಲ್ಲವಲ್ಲ, ಜಂಟಿ ಫೋಟೋ ಬೇಕು" ಎಂದ. ನಿಜ, ಇರಲಿಲ್ಲ. ಎಂಬತ್ತರ ದಶಕದ ಆ ಪುಸ್ತಕದಲ್ಲಿ ಗಾಂಧಿಟೋಪಿಯ ಅಪ್ಪನ ಕಪ್ಪುಬಿಳುಪು ಫೋಟೋ ಒಂದೇ ಇತ್ತು, ಅದರ ಮೇಲೆ ಅರ್ಧ ಮುದ್ರೆ. ಪತ್ನಿಯ ಹೆಸರಿನ ಜಾಗದಲ್ಲಿ ಗೆರೆಯೊಂದನ್ನು ಎಳೆದಿದ್ದರು.

ಆ ಗೆರೆಯೇ ಇಷ್ಟೆಲ್ಲ ಓಡಾಟಕ್ಕೆ ಕಾರಣ. ಪಿಪಿಒದಲ್ಲಿ ಪತ್ನಿಯ ಹೆಸರು, ಜಂಟಿ ಭಾವಚಿತ್ರ ಇದ್ದರೆ ಮರಣ ಪ್ರಮಾಣಪತ್ರ, ಅರ್ಜಿ ಕೊಟ್ಟು ಬ್ಯಾಂಕಿನ ಮಟ್ಟದಲ್ಲೇ ಬಹುಮಟ್ಟಿಗೆ ಮುಗಿಯುವ ಕೆಲಸ. ಇಲ್ಲದಿದ್ದರೆ ಕಡತ ಹೊಸದಿಲ್ಲಿಗೆ, ಗೃಹ ಸಚಿವಾಲಯದ ಸ್ವಾತಂತ್ರ್ಯ ಹೋರಾಟಗಾರರ ವಿಭಾಗಕ್ಕೆ ಹೋಗಿ ಮಂಜೂರಾತಿ ಪಡೆದು ಬರಬೇಕು. ಆದ್ದರಿಂದ, ಇದನ್ನು ಓದುತ್ತಿರುವವರ ಮನೆಯಲ್ಲಿ ಪಿಂಚಣಿದಾರರು ಇನ್ನೂ ಬದುಕಿದ್ದರೆ, ಉಳಿದದ್ದನ್ನು ಆಮೇಲೆ ಓದಿ. ಮೊದಲು ಎದ್ದು ಹೋಗಿ ಪಿಪಿಒ ತೆಗೆದು ನೋಡಿ. ಪತ್ನಿಯ ಹೆಸರು ಇದೆಯೇ? ಆಧಾರ್‌ನಲ್ಲಿರುವಂತೆಯೇ ಇದೆಯೇ? ಇಬ್ಬರೂ ಇರುವ ಫೋಟೋ ಇದೆಯೇ? ಇಲ್ಲವಾದರೆ ಈಗಲೇ ಅರ್ಜಿ ಕೊಡಿ. ಪಿಂಚಣಿದಾರರೇ ಎದುರಿಗೆ ಕುಳಿತು "ಇವಳು ನನ್ನ ಹೆಂಡತಿ" ಎಂದು ಹೇಳಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ನಮ್ಮಲ್ಲಿ ಆ ಸಾಕ್ಷಿ ಹೊರಟುಹೋಗಿತ್ತು. ಮದುವೆಯಾಗಿದ್ದು 1953ರಲ್ಲಿ, ಹಂದರ ಹಾಕಿ, ಊರೂಟ ಹಾಕಿಸಿ. ನೋಂದಣಿ ಎಂಬ ಮಾತೇ ಆಗ ಹಳ್ಳಿಯಲ್ಲಿ ಇರಲಿಲ್ಲ. ಲಗ್ನಪತ್ರಿಕೆಯನ್ನು ಗೆದ್ದಲು ತಿಂದಿತ್ತು. ಅಕ್ಕಿಕಾಳು ಹಾಕಿದವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಇರುವ ಕಾಗದಗಳಲ್ಲಿ ಅವ್ವನ ಹೆಸರು ಒಂದೊಂದರಲ್ಲಿ ಒಂದೊಂದು ಬಗೆ. ಮದುವೆಯಲ್ಲಿ ಗಂಡನ ಮನೆಯವರು ಹೊಸ ಹೆಸರಿಟ್ಟಿದ್ದರು. ಪಡಿತರ ಚೀಟಿಯಲ್ಲಿ ಹೊಸ ಹೆಸರು, ಕೊನೆಗೆ 'ಅವ್ವ'. ಮತದಾರರ ಚೀಟಿಯಲ್ಲಿ ಅದೇ ಹೆಸರು, ಕೊನೆಗೆ 'ಬಾಯಿ'. ಆಧಾರ್‌ನಲ್ಲಿ ತವರಿನ ಹೆಸರು, ಕೊನೆಗೆ 'ಅಮ್ಮ', ಯಾಕೆಂದರೆ ಆಧಾರ್ ಮಾಡಿಸುವ ದಿನ ಕಂಪ್ಯೂಟರ್ ಮುಂದಿದ್ದ ಹುಡುಗಿ "ನಿಮ್ಮ ಹೆಸರೇನಮ್ಮ?" ಎಂದು ಕೇಳಿದ್ದಕ್ಕೆ ಅವ್ವ ತನ್ನ ಹೆಸರನ್ನೇ ಹೇಳಿದ್ದಳು. ತನ್ನ ಹೆಸರೆಂದರೆ ಅವಳಿಗೆ ತವರಿನವರು ಇಟ್ಟದ್ದು.

ಬ್ಯಾಂಕಿನವರು, ನಾಡಕಚೇರಿಯವರು, ವಕೀಲರು ಎಲ್ಲ ಸೇರಿ ಹೇಳಿದ ಪಟ್ಟಿ ಹೀಗಿತ್ತು: ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ, ವಂಶವೃಕ್ಷ, ಎರಡೂ ಹೆಸರಿನವರು ಒಬ್ಬರೇ ಎಂಬ ನೋಟರಿ ಪ್ರಮಾಣಪತ್ರ, ಆಧಾರ್ ತಿದ್ದುಪಡಿ, ಮತ್ತು ಮರುವಿವಾಹವಾಗಿಲ್ಲ ಎಂಬ ದೃಢೀಕರಣ. ಕೊನೆಯದನ್ನು ಕೇಳಿ ನಾನು ನಕ್ಕುಬಿಟ್ಟೆ. ಅವ್ವನಿಗೆ ಆಗ ಎಂಬತ್ತಾರು. ಆದರೆ ಅದು ತಮಾಷೆಯಲ್ಲ. ನಾಡಕಚೇರಿಯಲ್ಲಿ ಅದಕ್ಕೆಂದೇ ಪ್ರತ್ಯೇಕ ಅರ್ಜಿ ಇದೆ, ವಿಧವೆಯರ ಪಿಂಚಣಿಗಳಿಗೆಲ್ಲ ಕೇಳುತ್ತಾರೆ. ಸ್ಥಳ ವಿಚಾರಣೆಗೆ ಬಂದ ತಲಾಟಿ ಇನ್ನೂ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ. ಪಡಸಾಲೆಯಲ್ಲಿ ಕುಳಿತು ತಲೆ ತಗ್ಗಿಸಿಕೊಂಡೇ, "ಅಜ್ಜಿ, ನಿಯಮ ಇದೆ ಅಂತ ಕೇಳುತ್ತೇನೆ, ಬೇಜಾರಾಗಬೇಡಿ. ಅಜ್ಜ ಹೋದ ಮೇಲೆ ನೀವು ಬೇರೆ ಮದುವೆ..." ಎಂದು ಅಲ್ಲಿಗೇ ನಿಲ್ಲಿಸಿದ. ಅವ್ವ ಅವನನ್ನು ಒಂದು ಕ್ಷಣ ನೋಡಿ, "ಯಾಕಪ್ಪ, ನಿನ್ನ ಕಣ್ಣಲ್ಲಿ ವರ ಇದ್ದಾನೇನು?" ಎಂದಳು. ಪಂಚರಾಗಿ ಬಂದಿದ್ದ ನೆರೆಯವರೆಲ್ಲ ನಕ್ಕರು. ಹುಡುಗ ಬೆವರು ಒರೆಸಿಕೊಂಡು ಬರೆದುಕೊಂಡ.

ಅದೇ ಹುಡುಗ ಮದುವೆಯ ಕಾಲದ ಯಾವುದಾದರೂ ಹಳೆಯ ದಾಖಲೆ ಚಾವಡಿಯಲ್ಲಿ ಸಿಗಬಹುದೇನೋ ನೋಡೋಣ ಎಂದಾಗ ಅವ್ವ, "ನಮ್ಮ ಮನೆಯವರು ಸುಟ್ಟಿದ್ದು ಪಕ್ಕದೂರಿನ ಚಾವಡಿ. ನಮ್ಮೂರಿನದು ಇರಬೇಕು, ಹುಡುಕು" ಎಂದಳು. ಅವನು ಹುಡುಕಿದ. ಅವನ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಆದರೆ ಕೊನೆಗೆ ಸಿಕ್ಕಿದ್ದು ಚಾವಡಿಯಲ್ಲಲ್ಲ, ನಮ್ಮ ಮಾಳಿಗೆಯ ಮೇಲಿನ ಟ್ರಂಕಿನಲ್ಲಿ. ಅಪ್ಪನಿಗೂ ಚಿಕ್ಕಪ್ಪಂದಿರಿಗೂ ಆಸ್ತಿ ಹಿಸ್ಸೆಯಾದಾಗ ಬರೆಸಿದ 1974ರ ವಾಟ್ನಿ ಪತ್ರ, ಅಂದರೆ ಪಾಲುಪಟ್ಟಿ. ಎರಡನೇ ಪುಟದಲ್ಲಿ ಹಿತ್ತಲಿನ ಬಾವಿಯ ನೀರಿನ ಹಕ್ಕು ಬರೆಯುವಾಗ ಬರಹಗಾರರು ಅಪ್ಪನ ಹೆಂಡತಿಯ ಹೆಸರನ್ನೂ ಕಾಣಿಸಿದ್ದರು: ತವರಿನ ಹೆಸರು, ಉರ್ಫ್, ಗಂಡನ ಮನೆಯ ಹೆಸರು. ಕೆಳಗೆ ಅವ್ವನ ಎಡಗೈ ಹೆಬ್ಬೆಟ್ಟು. ನೋಂದಣಿಯಾದ ಪತ್ರವಾದ್ದರಿಂದ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ತೆಗೆಸಲಿಕ್ಕೂ ಬಂತು. ಎರಡು ಹೆಸರಿನ ತಂಟೆಯನ್ನು ಬಗೆಹರಿಸಿದ್ದು ಈ ಒಂದು ಸಾಲು. ಅದನ್ನೇ ಉಲ್ಲೇಖಿಸಿ ನೋಟರಿ ಪ್ರಮಾಣಪತ್ರ ಮಾಡಿಸಿದೆವು. ಮದುವೆಯ ನೋಂದಣಿ ಇಲ್ಲದವರು ಇಂಥ ಕಡೆ ಹುಡುಕಬೇಕು: ವಾಟ್ನಿ ಪತ್ರ, ಖರೀದಿ ಪತ್ರ, ಸೊಸೈಟಿ ಸಾಲದ ಜಾಮೀನು, ಹಳೆಯ ಮತದಾರರ ಪಟ್ಟಿ, ಮಕ್ಕಳ ಶಾಲಾ ದಾಖಲಾತಿ. ಈಚೆಗೆ ಮಾಡಿಸಿದ ಹತ್ತು ಕಾಗದಕ್ಕಿಂತ ಈ ಪಿಂಚಣಿಯ ಯೋಚನೆಯೇ ಇಲ್ಲದ ಕಾಲದಲ್ಲಿ ಬರೆದ ಒಂದು ಕಾಗದಕ್ಕೆ ಹೆಚ್ಚು ಬೆಲೆ.

ತಾಮ್ರಪತ್ರದ ಬಗ್ಗೆಯೂ ಹೇಳಿಬಿಡುತ್ತೇನೆ. 1972ರಲ್ಲಿ ಸರ್ಕಾರ ಕೊಟ್ಟ ಆ ಫಲಕವನ್ನು ಅವ್ವ ಪ್ರತಿ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುತ್ತಾಳೆ. ಅಕ್ಷರಗಳ ಅಂಚು ಸವೆದು ನುಣುಪಾಗಿದೆ. ಅದನ್ನು ಸೀರೆಯಲ್ಲಿ ಸುತ್ತಿ ಬ್ಯಾಂಕಿಗೂ ಹೊತ್ತು ತಂದಿದ್ದಳು. ಅಲ್ಲಿಯವರು ಕೈಮುಗಿದರು, ಆದರೆ ಅದು ಪಿಂಚಣಿಗೆ ದಾಖಲೆಯಲ್ಲ. ಗೌರವದ ಫಲಕ ಬೇರೆ, ಅರ್ಹತೆಯ ಪುರಾವೆ ಬೇರೆ. ಅದನ್ನು ಹೊತ್ತು ತಿರುಗುವ ಶ್ರಮ ಬೇಡ.

ಆಧಾರ್ ತಿದ್ದುಪಡಿ ಇದೆಲ್ಲಕ್ಕಿಂತ ಬಳಲಿಸಿದ ಕೆಲಸ. ನಮ್ಮ ಸೀಮೆ ಮೆಣಸಿನಕಾಯಿಯದು. ಅವ್ವ ಮದುವೆಯಾಗಿ ಬಂದಾಗಿನಿಂದ ಎಪ್ಪತ್ತು ದಾಟುವವರೆಗೂ ಸುಗ್ಗಿಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಹೆಬ್ಬೆರಳು, ತೋರುಬೆರಳಿನಲ್ಲಿ ಗೆರೆ ಎಂಬುದೇ ಉಳಿದಿಲ್ಲ. ಯಂತ್ರದ ಗಾಜಿನ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಒರೆಸಿದರು, ಎಣ್ಣೆ ಹಚ್ಚಿದರು, ಅವ್ವನ ಬೆರಳನ್ನು ತಮ್ಮ ಬೆರಳಿನಿಂದ ಒತ್ತಿದರು, ಮತ್ತೆ ಕೆಂಪು. ಕಣ್ಣಿನ ಪಾಪೆ ತೆಗೆಯೋಣವೆಂದರೆ ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ರೆಪ್ಪೆ ಜೋತುಬಿದ್ದಿದೆ. "ಕಣ್ಣು ಅಗಲ ಮಾಡಿ ಅಜ್ಜಿ" ಎಂದರೆ ಅವ್ವ ಬಾಯಿ ಅಗಲ ಮಾಡುತ್ತಿದ್ದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಅವಳನ್ನು ಎಬ್ಬಿಸಿ ಕರೆದುಕೊಂಡು ಬರುವಾಗ, "ನಾನು ಇದ್ದೇನೆ ಅಂತ ಇದಕ್ಕೆ ಗೊತ್ತಾಗುತ್ತಿಲ್ಲವಲ್ಲ" ಎಂದಳು. ಆ ದಿನ ನನಗೆ ಎಲ್ಲ ಬಿಟ್ಟುಬಿಡೋಣ ಅನ್ನಿಸಿತು. ನಾನು ನಿವೃತ್ತ ಶಿಕ್ಷಕಿ, ಅಣ್ಣನಿಗೆ ಹೊಲ ಇದೆ. ಅವ್ವನ ಊಟಕ್ಕೆ, ಔಷಧಿಗೆ ಕೊರತೆಯಿಲ್ಲ. ಅಣ್ಣನೂ ಅದನ್ನೇ ಹೇಳಿದ. ಒಪ್ಪದವಳು ಅವ್ವ. "ಅವರು ಒಂದು ವರ್ಷ ಒಳಗೆ ಕುಳಿತು ಗಳಿಸಿದ್ದು. ನಾನು ಒಂದು ದಿನ ಸಾಲಲ್ಲಿ ನಿಲ್ಲಲಾರೆನೇ?" ಎಂದಳು. ಇನ್ನೊಂದು ಕೇಂದ್ರದಲ್ಲಿ, ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ನೆನೆಸಿ ಕರೆದುಕೊಂಡು ಹೋದಾಗ, ಕಿರುಬೆರಳು ಒಪ್ಪಿಗೆಯಾಯಿತು. ವಯಸ್ಸಾದವರ ಹತ್ತು ಬೆರಳನ್ನೂ ಪರೀಕ್ಷಿಸಲು ಹೇಳಿ, ಹೆಬ್ಬೆರಳಿಗೇ ಜೋತುಬೀಳಬೇಡಿ.

ಎಲ್ಲ ಕಾಗದ ಜೋಡಿಸಿ, ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ, ಬ್ಯಾಂಕಿನ ಮೂಲಕ ಸಲ್ಲಿಸಿದೆವು. ಆಗ ಗೊತ್ತಾದದ್ದು ಇನ್ನೊಂದು: ಪಿಪಿಒ ಎಂದರೆ ಎರಡು ಭಾಗ, ಪಿಂಚಣಿದಾರರ ಪ್ರತಿ ಒಂದು, ಬ್ಯಾಂಕಿನ ಪ್ರತಿ ಇನ್ನೊಂದು. ಬ್ಯಾಂಕಿನ ಪ್ರತಿ ಶಾಖೆಯಲ್ಲಿ ಸಿಗಲಿಲ್ಲ. ಕಟ್ಟಡ ಬದಲಾಗಿತ್ತು, ವ್ಯವಸ್ಥಾಪಕರು ಎಷ್ಟೋ ಸಲ ಬದಲಾಗಿದ್ದರು. ಪಿಂಚಣಿಯ ಲೆಕ್ಕ ನೋಡುವ ಕೇಂದ್ರ ಬೇರೆ ಊರಿನಲ್ಲಿ. ಅಲ್ಲಿಗೆ ಕೇಳಿದರೆ ಶಾಖೆಯಲ್ಲಿದೆ ಎಂದರು, ಶಾಖೆಯಲ್ಲಿ ಕೇಳಿದರೆ ಅಲ್ಲಿದೆ ಎಂದರು. ಅಪ್ಪನ ಕೈಯಲ್ಲಿದ್ದ ಪ್ರತಿ ಒಂದಿದ್ದುದರಿಂದ ಬಚಾವಾದೆವು. ಅದನ್ನು ಎಂದಿಗೂ ಮೂಲವಾಗಿ ಕೊಡಬೇಡಿ. ಕೊಡಲೇಬೇಕಾದರೆ ಪ್ರತಿ ಪುಟದ ನಕಲು ಇಟ್ಟುಕೊಂಡು, ಸ್ವೀಕೃತಿ ಪಡೆದೇ ಕೊಡಿ.

ಈ ನಡುವೆ ತಾಲ್ಲೂಕು ಕಚೇರಿಯ ಹೊರಗೆ ಒಬ್ಬರು ಗಂಟುಬಿದ್ದರು. ದಿಲ್ಲಿಯಲ್ಲಿ ತಮ್ಮ ಜನ ಇದ್ದಾರೆ, ಬಾಕಿ ಹಣದಲ್ಲಿ ಹತ್ತಕ್ಕೆ ಒಂದು ಪಾಲು ಕೊಟ್ಟರೆ ತಿಂಗಳೊಳಗೆ ಆದೇಶ ಎಂದರು. ಅವ್ವನ ಮುಂದೆಯೇ ಹೇಳಿದರು. ಅವ್ವ ಏನೂ ಮಾತಾಡದೆ ಕಾರಿನ ಕಿಟಕಿಯ ಗಾಜು ಏರಿಸಿಕೊಂಡಳು. ಗಾಜು ಏರಿಸುವುದು ಅವಳಿಗೆ ಗೊತ್ತಿದೆ ಎಂದು ನನಗೆ ಆವತ್ತೇ ತಿಳಿದದ್ದು.

ಆಮೇಲೆ ಕಾಯುವ ಕಾಲ. ದಸರೆ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿ ಬಂತು. ಶಾಖೆಯಲ್ಲಿ ಕೇಳಿದರೆ "ದಿಲ್ಲಿಗೆ ಹೋಗಿದೆ ಮೇಡಂ" ಎಂಬ ಒಂದೇ ಉತ್ತರ. ಹೋಗಿದ್ದರೆ ಯಾವ ದಿನ, ಯಾವ ಪತ್ರಸಂಖ್ಯೆ ಎಂದರೆ ಮೌನ. ಕೊನೆಗೆ ಎರಡು ಕೆಲಸ ಒಟ್ಟಿಗೇ ಮಾಡಿದೆ. ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣ ಸಿಪಿಗ್ರಾಮ್ಸ್‌ನಲ್ಲಿ ದೂರು ದಾಖಲಿಸಿದೆ. ಅದಕ್ಕೆ ಖರ್ಚಿಲ್ಲ, ಮೊಬೈಲಿನಲ್ಲೇ ಆಗುತ್ತದೆ. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿದೆ: ಈ ಪಿಪಿಒ ಸಂಖ್ಯೆಯ ಪ್ರಕರಣದಲ್ಲಿ ಅರ್ಜಿ ಯಾವ ದಿನ ತಲುಪಿದೆ, ಈಗ ಯಾವ ಹಂತದಲ್ಲಿದೆ, ಇನ್ನೇನು ದಾಖಲೆ ಬೇಕು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮ. ಉತ್ತರ ಬಂತು. ಅಂಥ ಅರ್ಜಿಯೇ ದಿಲ್ಲಿಗೆ ತಲುಪಿರಲಿಲ್ಲ. ಅದು ಬ್ಯಾಂಕಿನ ಯಾವುದೋ ಮೇಲಿನ ಕಚೇರಿಯಲ್ಲಿ, ಯಾರದೋ ಮೇಜಿನ ಖಾನೆಯಲ್ಲಿ ಚಳಿಗಾಲ ಪೂರ್ತಿ ಮಲಗಿತ್ತು.

ಸಿಟ್ಟಿಗಿಂತ ಹೆಚ್ಚಾಗಿ ಆದದ್ದು ಭಯ. ಅವ್ವನಿಗೆ ಆ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಎರಡು ವಾರ ಮಲಗಿದ್ದಳು. ಅವಳಿಗೆ ಏನಾದರೂ ಆಗಿಬಿಟ್ಟರೆ ಕಡತ ತಾನಾಗಿಯೇ ಮುಚ್ಚಿಹೋಗುತ್ತದೆ. ಯಾರಿಗೂ ಉತ್ತರ ಕೊಡಬೇಕಾದ ಪ್ರಮೇಯವೇ ಬರುವುದಿಲ್ಲ. ಈ ಮಾತನ್ನು ಫೋನಿನಲ್ಲಿ ಮಗನ ಹತ್ತಿರ ಹೇಳಿಕೊಂಡೆ. ಅವನು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಜಪಾನಿ ಮೂಲದ ಸಹೋದ್ಯೋಗಿಯೊಬ್ಬರ ಅಜ್ಜಿಯ ಕತೆ ಹೇಳಿದ. ಅದೇ 1942ರಲ್ಲಿ, ಫೆಬ್ರುವರಿಯಲ್ಲಿ ಅಧ್ಯಕ್ಷರು ಹೊರಡಿಸಿದ ಆದೇಶದಂತೆ, ಅಮೆರಿಕದಲ್ಲಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಾರು ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿದ್ದರು. 1988ರ ಆಗಸ್ಟ್ 10ರಂದು ಅವರಿಗೆ ತಲಾ 20,000 ಡಾಲರ್ ಪರಿಹಾರ ಕೊಡುವ ಕಾನೂನಿಗೆ ಅಧ್ಯಕ್ಷ ರೇಗನ್ ಸಹಿ ಮಾಡಿದರು. ಆ ದಿನ ಬದುಕಿದ್ದು ಆಮೇಲೆ ತೀರಿಕೊಂಡಿದ್ದರೆ ಅದು ಗಂಡನಿಗೋ ಹೆಂಡತಿಗೋ ಹೋಗುತ್ತಿತ್ತು, ಸಾವಿಗೆ ಕನಿಷ್ಠ ಒಂದು ವರ್ಷ ಮೊದಲು ಮದುವೆಯಾಗಿದ್ದರೆ ಸಾಕಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಸಂಗತಿ. ಅರ್ಹರು ಅರ್ಜಿ ಹಾಕಲಿ ಎಂದು ಕಾಯದೆ ಅವರನ್ನು ಗುರುತಿಸುವ, ಹುಡುಕುವ ಹೊಣೆಯನ್ನು ಆ ಕಾನೂನು ಸರ್ಕಾರದ ಮೇಲೆಯೇ ಹೊರಿಸಿತ್ತು. ಹಣವನ್ನು ವಯಸ್ಸಿನಲ್ಲಿ ಹಿರಿಯರಾದವರಿಗೆ ಮೊದಲು ಕೊಟ್ಟರು. 1990ರ ಅಕ್ಟೋಬರಿನಲ್ಲಿ ಮೊದಲ ಚೆಕ್ಕುಗಳು ಹೋದದ್ದು ಅತಿ ಹಿರಿಯರಿಗೆ. ಅಲ್ಲಿಯೂ ಎಲ್ಲ ನ್ಯಾಯ ಅಂತಲ್ಲ. ಸಹಿ ಬೀಳುವ ಮುಂಚೆ ಸತ್ತವರ ಮನೆಯವರಿಗೆ ಬಿಡಿಗಾಸಿಲ್ಲ. ನಮ್ಮ ಯೋಜನೆ ಆ ವಿಷಯದಲ್ಲಿ ಉದಾರ, ತಿಂಗಳು ತಿಂಗಳೂ ಕೊಡುತ್ತದೆ, ವಿಧವೆಗೂ ಬದುಕಿರುವವರೆಗೆ ಕೊಡುತ್ತದೆ. ಆದರೆ ಹಿರಿಯರ ಕಡತ ಮೊದಲು ಎಂಬ ಒಂದು ಚೀಟಿಯನ್ನು ಮೇಲೆ ಅಂಟಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಆರ್‌ಟಿಐ ಉತ್ತರದ ಪ್ರತಿಯನ್ನು ಬ್ಯಾಂಕಿನ ವ್ಯವಸ್ಥಾಪಕರ ಮೇಜಿನ ಮೇಲೆ ಇಟ್ಟ ಮೇಲೆ ಕೆಲಸಕ್ಕೆ ಕಾಲು ಬಂತು. ಈ ಸಲ ಇಡೀ ಕಡತದ ಇನ್ನೊಂದು ಪ್ರತಿಯನ್ನು ನಾನೇ ಸ್ಪೀಡ್ ಪೋಸ್ಟ್‌ನಲ್ಲಿ ದಿಲ್ಲಿಗೂ ಕಳಿಸಿದೆ, ರಸೀದಿ ಜೋಪಾನ ಮಾಡಿದೆ. ನಡುವೆ ಒಂದು ಆಕ್ಷೇಪಣೆ ಬಂತು: ಜನ್ಮದಿನಾಂಕ ಆಧಾರ್‌ನಲ್ಲಿ ಒಂದು, ಪಡಿತರ ಚೀಟಿಯ ವಯಸ್ಸಿಗೆ ಹೊಂದುವುದಿಲ್ಲ. ಶಾಲೆಗೇ ಹೋಗದವಳ ಜನ್ಮದಿನಾಂಕ ಜನವರಿ 1 ಎಂದು ಬರೆದಿರುತ್ತಾರೆ, ಎಲ್ಲರ ಮನೆಯಲ್ಲೂ ಇದೇ. ಅದಕ್ಕೊಂದು ಸ್ಪಷ್ಟನೆಯ ಪ್ರಮಾಣಪತ್ರ ಹೋಯಿತು. ಆಮೇಲೆ ಬ್ಯಾಂಕಿನವರು ಅವ್ವನನ್ನು ಖುದ್ದಾಗಿ ನೋಡಬೇಕು ಎಂದರು. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿನ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ ಎಂದು ನೆನಪಿಸಿದೆ. ಬಂದರು. ಅವ್ವ ಅವಲಕ್ಕಿ, ಚಹಾ ಕೊಟ್ಟಳು.

ಮಂಜೂರಾತಿ ಬಂದದ್ದು ಯುಗಾದಿಯ ನಂತರ. ಅಪ್ಪ ತೀರಿಕೊಂಡ ಮರುದಿನದಿಂದ ಲೆಕ್ಕ ಹಾಕಿ ಬಾಕಿ ಹಣವನ್ನೂ ಸೇರಿಸಿ ಖಾತೆಗೆ ಹಾಕಿದರು. ಒಂದು ಎಚ್ಚರಿಕೆ: ಬಾಕಿ ಬಂದಾಗ ಲೆಕ್ಕದ ಹಾಳೆ ಕೇಳಿ ಪಡೆಯಿರಿ. ತುಟ್ಟಿಭತ್ಯೆ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ನಮಗೆ ಒಂದು ಅವಧಿಯದು ಬಿಟ್ಟುಹೋಗಿತ್ತು, ಕೇಳಿದ ಮೇಲೆ ಸೇರಿಸಿದರು. ಖರ್ಚು ಎಲ್ಲ ಸೇರಿ ಹನ್ನೆರಡು ಹದಿಮೂರು ಸಾವಿರ ಆಗಿರಬಹುದು. ನಾಡಕಚೇರಿಯ ಪತ್ರಗಳು ಅಗ್ಗ, ಒಂದೊಂದಕ್ಕೆ ಐವತ್ತರ ಒಳಗೆ. ನೋಟರಿ, ಛಾಪಾ ಕಾಗದ, ನಕಲುಗಳಿಗೆ ಎರಡು ಸಾವಿರದ ಆಸುಪಾಸು. ಉಳಿದದ್ದೆಲ್ಲ ಬಾಡಿಗೆ ಕಾರಿಗೆ, ಯಾಕೆಂದರೆ ಅವ್ವನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ.

ನಮಗಿಂತ ಕಷ್ಟದಲ್ಲಿರುವವರು ಇದ್ದಾರೆ. ಜೈಲಿನ ದಾಖಲೆಯೇ ಸಿಗದೆ ಯಜಮಾನರ ಅರ್ಜಿಯೇ ಮಂಜೂರಾಗದೆ ಉಳಿದವರು. ಅವರಿಗೆ ನಿಯಮದಲ್ಲಿರುವ ದಾರಿ ಸಹಕೈದಿಗಳ ಪ್ರಮಾಣಪತ್ರ: ಕನಿಷ್ಠ ಒಂದು ವರ್ಷ ಸೆರೆವಾಸ ರುಜುವಾತಾದ, ಅದೇ ಜೈಲಿನಲ್ಲಿದ್ದ ಇಬ್ಬರದು. ಈಗ ಬದುಕಿರುವ ಇಬ್ಬರನ್ನು ಎಲ್ಲಿಂದ ತರುವುದು? ಆದರೆ ಹಿಂದೆ ಎಂದೋ ಕೊಡಿಸಿದ್ದ ಪ್ರಮಾಣಪತ್ರದ ಪ್ರತಿ ಹಳೆಯ ಕಡತದಲ್ಲಿ ಇರಬಹುದು, ಅದನ್ನು ಹುಡುಕಿಸಿ. ಇಂಥ ಪ್ರಕರಣಗಳಲ್ಲಿ ಕ್ರಿಮಿನಲ್ ಮೊಕದ್ದಮೆಯಲ್ಲಿ ಕೇಳುವಷ್ಟು ಬಿಗಿಯಾದ ಪುರಾವೆ ಕೇಳಬಾರದು ಎಂದು ಸುಪ್ರೀಂ ಕೋರ್ಟ್ 2001ರ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವಕೀಲರಿಗೆ ಆ ಹೆಸರು ಹೇಳಿದರೆ ಸಾಕು.

ರಾಜ್ಯ ಸರ್ಕಾರದ ಪಿಂಚಣಿ ಪಡೆಯುತ್ತಿದ್ದವರು ಅದಕ್ಕೆ ಬೇರೆಯೇ ಅರ್ಜಿ ಕೊಡಬೇಕು, ಅದು ಜಿಲ್ಲಾಡಳಿತ ಮತ್ತು ಖಜಾನೆಯ ಮೂಲಕ ನಡೆಯುವ ಕೆಲಸ. ಕೇಂದ್ರದ ಆದೇಶದ ಪ್ರತಿ ಇದ್ದರೆ ಅಲ್ಲಿ ಅರ್ಧ ದಾರಿ ಸಲೀಸು; ನಾವು ಹಾಗೆಯೇ ಮಾಡಿಸಿಕೊಂಡೆವು. ನವೆಂಬರಿನ ಜೀವಿತ ಪ್ರಮಾಣಪತ್ರಕ್ಕೆ ಬೆರಳಿನ ಯಂತ್ರವನ್ನೇ ನಂಬಬೇಕಾಗಿಲ್ಲ, 2021ರಿಂದ ಮುಖ ಗುರುತಿಸುವ ಆ್ಯಪ್ ಬಂದಿದೆ, ಮೊಬೈಲ್ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿದರೆ ಆಗುತ್ತದೆ. ನಿಮ್ಮ ಬ್ಯಾಂಕ್ ಒಪ್ಪುತ್ತದೆಯೇ ಎಂದು ಅಕ್ಟೋಬರಿನಲ್ಲೇ ಕೇಳಿಟ್ಟುಕೊಳ್ಳಿ.

ಇನ್ನು ಉಳಿದಿರುವುದು ರೈಲ್ವೆ ಪಾಸು. ಹೋರಾಟಗಾರರ ವಿಧವೆಯರಿಗೂ ಉಚಿತ ಪಾಸು ಇದೆ, ಜೊತೆಗೊಬ್ಬರನ್ನು ಕರೆದೊಯ್ಯಬಹುದು. ಅಪ್ಪ ಒಮ್ಮೆಯೂ ಬಳಸಲಿಲ್ಲ. ಅವ್ವನಿಗೆ ಪಂಢರಪುರ ನೋಡಬೇಕಂತೆ, ಜೊತೆಗೆ ಹೋಗುವವಳು ನಾನಂತೆ. ಅರ್ಜಿ ತಂದಿಟ್ಟಿದ್ದೇನೆ. ಹೆಸರಿನ ಜಾಗದಲ್ಲಿ ಯಾವುದನ್ನು ಬರೆಯಲಿ ಎಂದು ಕೇಳಿದ್ದಕ್ಕೆ, "ಯಾವುದು ಪಾಸಾಯಿತೋ ಅದನ್ನೇ ಬರಿ" ಎಂದಿದ್ದಾಳೆ.